ಬೆಣ್ಣೆಯ ಗೋಡೆಯಾದರೂ ಸರಿ ಎಂದವನ ಕೋಟೆ

ಹೋದ ತಿಂಗಳು ನಮ್ಮ ಬೇಕಲ ಕೋಟೆಯ ಬಗ್ಗೆ ಬರೆಯುವಾಗ, ಮಗನ ಮನೆಗೆಂದು ಫ್ರಾನ್ಸಿಗೆ ಹೋಗಿದ್ದಾಗ ಕಂಡ ಶಾತೋ ಗಯ್ಯಾರ್ ಎಂಬ ಕೋಟೆಯ ಹೆಸರನ್ನು ಒಂದೇ ಸಾಲಿನಲ್ಲಿ ಎತ್ತಿ ಸುಮ್ಮನಾಗಿದ್ದೆ. ಅದೇ ತಪ್ಪಾಯಿತು. "ಟೀಚರ್ ಪಾಠ ಶುರು ಮಾಡಿ, ಬೆಲ್ ಹೊಡೆಯುವ ಮೊದಲೇ ಕ್ಲಾಸಿನಿಂದ ಹೊರಟುಹೋದರು" ಎಂದು ಹಳೆಯ ವಿದ್ಯಾರ್ಥಿಯೊಬ್ಬ ದೂರಿದ್ದಾನೆ. ಬಂದ ಕಾಗದಗಳೆಲ್ಲ ಆ ಕೋಟೆಯ ಸುತ್ತಲೇ ಇವೆ. ಆದ್ದರಿಂದ ಈ ಸಲ ಅಂಕಣ ಪೂರ್ತಿ ಅದಕ್ಕೇ. ಅಡಿಕೆಗೆ ಎಲೆಚುಕ್ಕಿ ರೋಗದ ಬಗ್ಗೆ ಕೇಳಿದವರು ದಯವಿಟ್ಟು ಕೃಷಿ ಅಂಕಣಕ್ಕೆ ಬರೆಯಿರಿ, ನನಗೆ ಗೊತ್ತಿರುವುದು ಚರಿತ್ರೆ ಮಾತ್ರ.

ಟೀಚರೇ, ಆ ಕೋಟೆ ಕಟ್ಟಿದ್ದು ಯಾರು? ಅಷ್ಟು ಗಟ್ಟಿ ಕೋಟೆ ಆರು ತಿಂಗಳಲ್ಲಿ ಬಿತ್ತಂತೆ. ಹಾಗಾದರೆ ಅದರ ದೊಡ್ಡಸ್ತಿಕೆ ಏನು?
(ಬಿ.ಎ. ವಿದ್ಯಾರ್ಥಿ, ಕಾಸರಗೋಡು)

ಮಗಾ, ಮೊದಲು ಜಾಗ ನೋಡು. ಸೇನ್ ನದಿ ಪ್ಯಾರಿಸಿನಿಂದ ಕಡಲಿನ ಕಡೆ ಹೊರಳಿ ಹೊರಳಿ ಹೋಗುತ್ತದೆ. ಅಂತಹ ಒಂದು ತಿರುವಿನಲ್ಲಿ ಆಂದ್ಲಿ ಎಂಬ ಊರು. ಊರಿನ ತಲೆಯ ಮೇಲೆ, ನದಿಯಿಂದ ಸುಮಾರು 90 ಮೀಟರ್ ಎತ್ತರದಲ್ಲಿ ಬಿಳಿ ಸುಣ್ಣಕಲ್ಲಿನ ಗುಡ್ಡ. ಚಂದ್ರಗಿರಿ ಕೋಟೆಯಲ್ಲಿ ನಿಂತರೆ ಹೊಳೆ ಕಡಲು ಸೇರುವುದು ಕಾಣುತ್ತದಲ್ಲ, ಅದನ್ನು ಇನ್ನಷ್ಟು ಎತ್ತರಕ್ಕೆ ಏರಿಸಿ ಯೋಚಿಸು. ನದಿಯಲ್ಲಿ ಒಂದು ದೋಣಿ ಹೋದರೂ ಮೇಲಿನವನಿಗೆ ಗೊತ್ತಾಗುತ್ತದೆ.

ಕಟ್ಟಿಸಿದವನು ಇಂಗ್ಲೆಂಡಿನ ರಾಜ ರಿಚರ್ಡ್, ಸಿಂಹಹೃದಯ ಎಂದು ಹೆಸರಾದವನು. ಇಂಗ್ಲೆಂಡಿನ ರಾಜನಿಗೆ ಫ್ರಾನ್ಸಿನಲ್ಲಿ ಏನು ಕೆಲಸ ಎಂದು ಕೇಳಬೇಡ. ಆಗ ನಾರ್ಮಂಡಿ ಸೇರಿ ಫ್ರಾನ್ಸಿನ ಪಶ್ಚಿಮ ಭಾಗದ ಬಹುಪಾಲು ಅವನ ಮನೆತನದ ಕೈಯಲ್ಲೇ ಇತ್ತು. ಕ್ರುಸೇಡ್ ಎಂಬ ಕ್ರೈಸ್ತರ ಧರ್ಮಯುದ್ಧದಿಂದ ಮರಳುವಾಗ ರಿಚರ್ಡ್ ಸೆರೆಸಿಕ್ಕ. ಅದೇ ಹೊತ್ತು ನೋಡಿ ಫ್ರೆಂಚ್ ರಾಜ ಎರಡನೇ ಫಿಲಿಪ್ 1193ರಲ್ಲಿ ಗಡಿಯ ಜಿಸೋರ್ ಕೋಟೆಯನ್ನು ನುಂಗಿದ. ಇನ್ನು ನಾರ್ಮಂಡಿಯ ರಾಜಧಾನಿ ರೂಆನ್‌ಗೆ ಅಡ್ಡ ನಿಲ್ಲುವ ಬಾಗಿಲೇ ಇರಲಿಲ್ಲ. ಆ ಬಾಗಿಲೇ ಈ ಕೋಟೆ.

ತಮಾಷೆ ಏನೆಂದರೆ, 1196ರ ಜನವರಿಯಲ್ಲಿ ಇಬ್ಬರು ರಾಜರೂ ಮಾಡಿಕೊಂಡ ಒಪ್ಪಂದದಲ್ಲಿ ಆಂದ್ಲಿಯಲ್ಲಿ ಯಾರೂ ಕೋಟೆ ಕಟ್ಟಬಾರದು ಎಂದೇ ಬರೆದಿತ್ತು. ರಿಚರ್ಡ್ ಅದೇ ವರ್ಷ ಕೆಲಸ ಹಿಡಿಸಿದ. ಜಾಗವೂ ಅವನದ್ದಲ್ಲ, ರೂಆನ್‌ನ ಆರ್ಚ್‌ಬಿಷಪ್‌ನದ್ದು. ಆರ್ಚ್‌ಬಿಷಪ್ ಸಿಟ್ಟಿಗೆದ್ದು ನಾರ್ಮಂಡಿಯಲ್ಲಿ ಪೂಜೆ, ಪ್ರಾರ್ಥನೆಗಳನ್ನೇ ನಿಲ್ಲಿಸಿಬಿಟ್ಟ. ವ್ಯಾಜ್ಯ ಪೋಪರವರೆಗೆ ಹೋಯಿತು. 1197ರಲ್ಲಿ ದಿಯೆಪ್ ಬಂದರನ್ನೂ ಒಂದಷ್ಟು ಭೂಮಿಯನ್ನೂ ಕೊಟ್ಟು ರಾಜಿಯಾಯಿತು. ಅಷ್ಟರಲ್ಲಿ ಗೋಡೆ ಏಳುತ್ತಲೇ ಇತ್ತು. ಕೆಲಸದ ಮೇಲೆ ರಕ್ತದ ಮಳೆ ಸುರಿಯಿತಂತೆ, ರಾಜ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲವಂತೆ. ಹಾಗೆ ಆ ಕಾಲದ ಪಾದ್ರಿಯೊಬ್ಬ ಬರೆದಿಟ್ಟಿದ್ದಾನೆ.

ಎರಡೇ ವರ್ಷ, ಅಂದರೆ 1198ಕ್ಕೆ ಮುಗಿಯಿತು. ಖರ್ಚು ಸುಮಾರು 12,000 ಪೌಂಡ್. ಇಂಗ್ಲೆಂಡಿನೊಳಗೆ ಇದ್ದ ಕೋಟೆಗಳಿಗೆಲ್ಲ ಸೇರಿ ಅವನ ಇಡೀ ಆಳ್ವಿಕೆಯಲ್ಲಿ ಆದದ್ದು ಅದರ ಅರ್ಧದಿಂದ ಸ್ವಲ್ಪ ಹೆಚ್ಚು. ಲೆಕ್ಕದ ಸುರುಳಿಗಳಲ್ಲಿ ಕಲ್ಲು ಒಡೆಯುವವರು, ಕೆತ್ತುವವರು, ಸುಣ್ಣ ಸುಡುವವರು, ಬಡಗಿಗಳು, ಕಮ್ಮಾರರು, ನೀರು ಹೊರುವವರು, ಗಾಡಿಯವರು ಎಲ್ಲರ ಕೂಲಿಯೂ ಇದೆ. ಮುಖ್ಯ ಮೇಸ್ತ್ರಿಯ ಹೆಸರು ಮಾತ್ರ ಇಲ್ಲ. ರಾಜನೇ ನಕ್ಷೆ ಹಾಕಿರಬೇಕು ಎಂದು ಕೆಲವು ಪಂಡಿತರು ಊಹಿಸುವುದು ಅದಕ್ಕೇ.

ದೊಡ್ಡಸ್ತಿಕೆ ಕೇಳಿದೆಯಲ್ಲ. ಒಂದರ ಹಿಂದೆ ಒಂದರಂತೆ ಮೂರು ಆವರಣ. ಮುಂದೆ ಮೂಗಿನ ಹಾಗೆ ಚಾಚಿಕೊಂಡ ತ್ರಿಕೋನದ ಹೊರಕೋಟೆ, ನಡುವೆ ಬಂಡೆ ಕಡಿದು ಮಾಡಿದ ಕಂದಕ, ಆಮೇಲೆ ನಡುಕೋಟೆ, ಅದರೊಳಗೆ ಒಳಕೋಟೆ, ಎಲ್ಲಕ್ಕಿಂತ ಒಳಗೆ ದೊಡ್ಡ ಬುರುಜು. ಒಂದು ಹೋದರೆ ಇನ್ನೊಂದು. ನನಗೆ ಮರೆಯಲಾಗದ್ದು ಒಳಕೋಟೆಯ ಗೋಡೆ. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಉಬ್ಬಿದ ಬದಿ ಹೊರಗೆ ಮಾಡಿ, ಒತ್ತೊತ್ತಾಗಿ ನಿಲ್ಲಿಸಿ ಬೇಲಿ ಕಟ್ಟಿದರೆ ಹೇಗೆ ಕಾಣುತ್ತದೋ ಹಾಗೆಯೇ ಇದೆ, ಕಲ್ಲಿನಲ್ಲಿ. ಚಪ್ಪಟೆ ಜಾಗವೇ ಬಹಳ ಕಡಿಮೆ. ಕವಣೆಯಂತ್ರದ ಕಲ್ಲು ಬಿದ್ದರೆ ಉಬ್ಬಿಗೆ ತಾಗಿ ಜಾರುತ್ತದೆ. ಬುಡಕ್ಕೆ ಬಂದು ಅಡಗುವವನಿಗೆ ಮರೆ ಸಿಗುವುದಿಲ್ಲ, ಪಕ್ಕದ ಉಬ್ಬಿನಿಂದ ಬಾಣ ಬರುತ್ತದೆ. ಯುರೋಪಿನಲ್ಲಿ ಆ ಕಾಲಕ್ಕೆ ಇದು ಹೊಸತು. ನಾನು ಆ ಉಬ್ಬುಗಳನ್ನು ಕೈಯಲ್ಲಿ ಸವರುತ್ತ ನಿಂತಿದ್ದೆ, ಮಗ ಫೋಟೋ ತೆಗೆಯುವುದು ಬಿಟ್ಟು ಮಳೆ ಬರುತ್ತದೆಂದು ಗಡಿಬಿಡಿ ಮಾಡುತ್ತಿದ್ದ.

ಗಯ್ಯಾರ್ ಅಂದರೆ ಗಟ್ಟಿಗ, ಪೊಗರಿನವ. ಗೋಡೆ ಕಬ್ಬಿಣದ್ದಾದರೂ ಹಿಡಿಯುತ್ತೇನೆ ಎಂದು ಫಿಲಿಪ್ ಹೇಳಿದನಂತೆ, ಬೆಣ್ಣೆಯದ್ದಾದರೂ ಉಳಿಸಿಕೊಳ್ಳುತ್ತೇನೆ ಎಂದು ರಿಚರ್ಡ್ ತಿರುಗಿ ಹೇಳಿದನಂತೆ. ಅವನು ಇದ್ದಿದ್ದರೆ ಉಳಿಸಿಕೊಳ್ಳುತ್ತಿದ್ದನೋ ಏನೋ. 1199ರಲ್ಲಿ ಬೇರೊಂದು ಸಣ್ಣ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಭುಜಕ್ಕೆ ಬಾಣ ತಾಗಿ, ಗಾಯ ಕೊಳೆತು ಸತ್ತ. ತಮ್ಮ ಜಾನ್ ಪಟ್ಟಕ್ಕೆ ಬಂದ.

ಫಿಲಿಪ್ 1203ರ ಬೇಸಿಗೆಯ ಕೊನೆಗೆ ಬಂದು ಸುತ್ತಿದ. ಜಾನ್ ಒಂದೇ ಸಲ ಗಟ್ಟಿ ಪ್ರಯತ್ನ ಮಾಡಿದ. ರಾತ್ರಿ ನೆಲದ ಮೇಲೆ ಒಂದು ಪಡೆ, ನದಿಯಲ್ಲಿ ದೋಣಿಗಳು, ಎರಡೂ ಒಟ್ಟಿಗೆ ಎರಗಬೇಕು. ಆದರೆ ಸೇನ್‌ನ ಭರತದ ಲೆಕ್ಕ ತಪ್ಪಿ ದೋಣಿಗಳು ತಡವಾದವು. ನೆಲದ ಪಡೆ ಸೋತು ಹಿಮ್ಮೆಟ್ಟಿದ ಮೇಲೆ ದೋಣಿಗಳು ಬಂದು ಅವೂ ಸೋತವು. ಹೊಳೆಯ ಬಾಯಿಯಲ್ಲಿ ಮರುವಾಯಿ ಚಿಪ್ಪು ಹೆಕ್ಕುವ ನಮ್ಮ ಹೆಂಗಸರಿಗೆ ಗೊತ್ತಿರುವ ಭರತ ಇಳಿತದ ಲೆಕ್ಕ ರಾಜನ ಮಂದಿಗೆ ತಪ್ಪಿತು! ಡಿಸೆಂಬರಿನಲ್ಲಿ ಜಾನ್ ಇಂಗ್ಲೆಂಡಿಗೆ ಹಡಗು ಹತ್ತಿದ. ಆಮೇಲೆ ಬಿಡಿಸಲು ಯಾರೂ ಬರಲಿಲ್ಲ. 1204ರ ಮಾರ್ಚ್ 6ಕ್ಕೆ ಕೋಟೆ ಬಿತ್ತು, ಜೂನಿನಲ್ಲಿ ರೂಆನ್ ಬಾಗಿಲು ತೆರೆಯಿತು, ನಾರ್ಮಂಡಿ ಫ್ರಾನ್ಸಿನದ್ದಾಯಿತು. ಕೋಟೆ ಎಂದರೆ ಹೊರಗಿನಿಂದ ಸಹಾಯ ಬರುವ ತನಕ ಸಮಯ ಕೊಳ್ಳುವ ವ್ಯವಸ್ಥೆ, ಮಗಾ. ಆರು ತಿಂಗಳು ಕೊಂಡುಕೊಟ್ಟಿತು. ಪರೀಕ್ಷೆಯಲ್ಲಿ "ಕೋಟೆ ದುರ್ಬಲವಾಗಿತ್ತು" ಎಂದು ಬರೆದರೆ ನಾನಾದರೆ ಮಾರ್ಕು ಕೊಡುವುದಿಲ್ಲ.

ಕೋಟೆಯ ಕತೆಯಲ್ಲಿ ಯಾವಾಗಲೂ ರಾಜರು, ಸೈನಿಕರು ಮಾತ್ರ. ಆ ಊರಿನ ಹೆಂಗಸರು, ಮಕ್ಕಳು ಎಲ್ಲಿ ಹೋದರು ಟೀಚರ್?
(ಗೃಹಿಣಿ, ತಾಳವಾಡಿ, ಈರೋಡ್ ಜಿಲ್ಲೆ)

ಅಮ್ಮಾ, ನೀವು ಕೇಳದಿದ್ದರೂ ಇದನ್ನು ಬರೆಯಲೇಬೇಕಾಗಿತ್ತು. ಅಲ್ಲಿಂದ ಬಂದ ಮೇಲೆ ನನ್ನನ್ನು ಕಾಡಿದ್ದು ಗೋಡೆಯಲ್ಲ, ಇದು.

ಫ್ರೆಂಚರು ಕೆಳಗಿನ ಊರನ್ನು ಹಿಡಿದಾಗ ಅಲ್ಲಿನ ಮಂದಿ ಪ್ರಾಣ ಉಳಿಸಿಕೊಳ್ಳಲು ಗುಡ್ಡ ಹತ್ತಿ ಕೋಟೆಯೊಳಗೆ ಸೇರಿದರು. ಸಾವಿರದ ನಾನೂರಕ್ಕೂ ಮೇಲೆ, ಎರಡು ಸಾವಿರ ಎನ್ನುವವರೂ ಇದ್ದಾರೆ. ಕೋಟೆಯ ದಳಪತಿ ರೋಜರ್ ಡಿ ಲೇಸಿ ಉಗ್ರಾಣದ ಕಾಳು ಲೆಕ್ಕ ಹಾಕಿದ. ಕಾದಾಡಲಾಗದವರಿಗೆ ಆ ಕಾಲದವರು ಇಟ್ಟ ಹೆಸರು "ಉಪಯೋಗವಿಲ್ಲದ ಬಾಯಿಗಳು". ನಮ್ಮಲ್ಲಿ ಕೂಳಿಗೆ ದಂಡ, ಭೂಮಿಗೆ ಭಾರ ಎನ್ನುತ್ತಾರಲ್ಲ, ಅದೇ. ಮೊದಲು ಐನೂರು ಮಂದಿಯನ್ನು ಹೊರಗೆ ಕಳಿಸಿದ. ಫ್ರೆಂಚ್ ಸೈನಿಕರು ಕನಿಕರಪಟ್ಟು ದಾರಿ ಬಿಟ್ಟರು. ಇನ್ನೊಂದು ಐನೂರು, ಅವರೂ ದಾಟಿದರು. ಫಿಲಿಪ್‌ಗೆ ಸುದ್ದಿ ಹೋಯಿತು. ಬಾಯಿ ಕಡಿಮೆಯಾದಷ್ಟೂ ಕೋಟೆ ಹೆಚ್ಚು ದಿನ ತಡೆಯುತ್ತದೆ, ಇನ್ನು ಒಬ್ಬರನ್ನೂ ಬಿಡಬೇಡಿ ಎಂದ.

ಮೂರನೇ ತಂಡ ಹೊರಬಂದಾಗ ಎದುರಿನಿಂದ ಬಾಣ. ತಿರುಗಿ ಓಡಿದರೆ ಕೋಟೆಯ ಬಾಗಿಲು ಮುಚ್ಚಿತ್ತು. ಒಳಗಿದ್ದವರು ತಮ್ಮದೇ ಪರದವರು, ಆದರೂ ತೆರೆಯಲಿಲ್ಲ. ಕೋಟೆಗೂ ಮುತ್ತಿಗೆಯ ಕಂದಕಕ್ಕೂ ನಡುವಿನ ಇಳಿಜಾರಿನಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಚಳಿಗಾಲ ಕಳೆದರು. ಹುಲ್ಲು ತಿಂದರು, ನಾಯಿಗಳನ್ನು ತಿಂದರು. ಕೋಟೆಯಿಂದ ಒಂದು ಕೋಳಿ ಹಾರಿ ಬಿದ್ದರೆ ಪುಕ್ಕ, ಮೂಳೆ ಸಮೇತ ತಿಂದರು. ಇದನ್ನು ಬರೆದಿಟ್ಟವನು ಫಿಲಿಪ್‌ನ ಜೊತೆಗೇ ಇದ್ದ ಅವನ ಆಸ್ಥಾನದ ಪಾದ್ರಿ ಗಿಯೋಮ್, ಬ್ರೆಟನ್ ಸೀಮೆಯವನು. ರಾಜನನ್ನು ಹೊಗಳಲು ಕಾವ್ಯ ಬರೆಯಹೊರಟವನಿಗೂ ಇದನ್ನು ಬಿಟ್ಟು ಮುಂದೆ ಹೋಗಲು ಆಗಲಿಲ್ಲ. ಕೊನೆಗೆ ಫಿಲಿಪ್ ಅತ್ತ ಬಂದಾಗ ಅವರ ಕೂಗು ಕೇಳಿ, ಅನ್ನ ಕೊಟ್ಟು ಬಿಡಿ ಎಂದನಂತೆ. ಒಬ್ಬ ಕೈಯಲ್ಲಿದ್ದ ನಾಯಿಮಾಂಸದ ತುಂಡನ್ನು ಬಿಸಾಡು ಎಂದರೂ ಬಿಡಲಿಲ್ಲ, ರೊಟ್ಟಿ ಹೊಟ್ಟೆಗೆ ಬೀಳುವ ತನಕ ಬಿಡುವುದಿಲ್ಲ ಎಂದ. ಹಸಿದ ಹೊಟ್ಟೆಗೆ ಒಮ್ಮೆಲೇ ತಿಂದು ಹಲವರು ಸತ್ತರು.

ಮಳೆಗಾಲದ ಆಟಿ ತಿಂಗಳಲ್ಲಿ ತಜಂಕು ಸೊಪ್ಪು, ಕೆಸು, ಹಲಸಿನ ಬೀಜದಲ್ಲಿ ದಿನ ನೂಕಿದ ಕತೆಗಳನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಆ ಕತೆಗಳಲ್ಲೂ ಹುಲ್ಲು ಇರಲಿಲ್ಲ. ಈಗ ಆ ಇಳಿಜಾರು ಹಸಿರಾಗಿದೆ, ನಾನು ಹೋದ ದಿನ ಮಕ್ಕಳು ಅಲ್ಲಿ ಉರುಳಾಡುತ್ತಿದ್ದರು. ನಾವು ಕಟ್ಟಿಕೊಂಡು ಹೋಗಿದ್ದ ಚಪಾತಿ ಬಿಚ್ಚಲು ನನಗೆ ಮನಸ್ಸು ಬರಲಿಲ್ಲ.

ಗೋಡೆಯ ಅಡಿಗೆ ಸುರಂಗ ತೋಡಿ ಕೋಟೆ ಬೀಳಿಸಿದರು ಎಂದು ಕೇಳಿದ್ದೇನೆ. ನಮ್ಮ ತೋಟದ ಸುರಂಗದ ಹಾಗೆಯಾ?
(ಅಡಿಕೆ ಕೃಷಿಕ, ಎಣ್ಮಕಜೆ)

ಅಣ್ಣಾ, ನಿಮ್ಮ ಪ್ರಶ್ನೆ ಓದಿ ನಗು ಬಂತು. ಗಡಿಯಾಚೆಯ ಓದುಗರಿಗೆ ಮೊದಲು ಹೇಳಿಬಿಡುತ್ತೇನೆ: ನಮ್ಮ ಕಡೆ ಸುರಂಗ ಎಂದರೆ ನೀರಿಗಾಗಿ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಗುಹೆ. ಒಬ್ಬ ಮನುಷ್ಯ ಪಿಕ್ಕಾಸು ಹಿಡಿದು ನುಗ್ಗುವಷ್ಟೇ ಅಗಲ. ನನ್ನ ಅಪ್ಪ ನಮ್ಮ ಮನೆಯ ಸುರಂಗ ತೋಡಿಸಿದಾಗ ನಾನು ಮೂರನೇ ಕ್ಲಾಸು. ಅಡಿಕೆ ಹಾಳೆಯ ಟೊಪ್ಪಿ ಮುಟ್ಟಾಳೆ ಇಟ್ಟುಕೊಂಡ ಆಳು ಒಳಗೆ, ಬುಟ್ಟಿಯಲ್ಲಿ ಮಣ್ಣು ತರುವವ ಹಿಂದೆ. ಮೇಣದಬತ್ತಿ ಮಂಕಾಯಿತೋ, ಗಾಳಿ ಸಾಲದು ಎಂದು ಇಬ್ಬರೂ ಹೊರಗೆ. ನಮ್ಮ ಮುರಕಲ್ಲು ತಾನಾಗಿ ನಿಲ್ಲುತ್ತದೆ, ಒಳಗೆ ಮರದ ಆಧಾರ ಬೇಕಾಗುವುದಿಲ್ಲ.

ಮುತ್ತಿಗೆಯ ಸುರಂಗ ಇದರ ತಿರುಗುಮುರುಗು. ಅದು ಬೀಳಬೇಕೆಂದೇ ತೋಡುವುದು. ಗೋಡೆಯ ಬುಡದ ಕಲ್ಲುಗಳನ್ನು ಬಿಡಿಸುತ್ತ ಹೋಗಿ, ಬಿಡಿಸಿದಷ್ಟು ಜಾಗಕ್ಕೆ ಮರದ ಕಂಬ ಕೊಡುತ್ತಾರೆ. ಪೊಳ್ಳು ಸಾಕಷ್ಟಾದ ಮೇಲೆ ಒಣಸೌದೆ ತುಂಬಿ ಬೆಂಕಿ ಇಟ್ಟು ಓಡುತ್ತಾರೆ. ಕಂಬ ಸುಟ್ಟು ಬಿದ್ದರೆ ಮೇಲಿನ ಬುರುಜು ಕೂತುಬಿಡುತ್ತದೆ. ಗಯ್ಯಾರ್‌ನ ಹೊರಕೋಟೆ ಬಿದ್ದದ್ದು ಹೀಗೆ. ಕಂದಕಕ್ಕೆ ಇಳಿದವರಿಗೆ ಎದುರಿನ ದಂಡೆಗೆ ಏಣಿ ಗಿಡ್ಡವಾಯಿತು. ಬಿಳಿ ಸುಣ್ಣಕಲ್ಲು ಮೆತ್ತಗೆ. ಕತ್ತಿ, ಚೂರಿಗಳನ್ನು ಅದಕ್ಕೆ ಚುಚ್ಚಿ ಹಿಡಿದುಕೊಂಡು ಮೇಲೇರಿ ಬುರುಜಿನ ಬುಡ ತಲುಪಿದರು.

ನಡುಕೋಟೆ ಬಿದ್ದದ್ದು ಹೇಗೆಂದು ಮುಂದಿನ ಉತ್ತರದಲ್ಲಿ ಹೇಳುತ್ತೇನೆ. ಒಳಕೋಟೆಯ ಕತೆ ಇನ್ನೂ ಸ್ವಾರಸ್ಯ. ಅಲ್ಲಿ ಕಂದಕ ದಾಟಲು ಮರದ ತೂಗುಸೇತುವೆ ಇಡುವ ಬದಲು ಬಂಡೆಯನ್ನೇ ಸೇತುವೆಯಾಗಿ ಉಳಿಸಿ ಸುತ್ತ ಕಡಿದಿದ್ದರು. ಗಟ್ಟಿಯಾಯಿತು, ನಿಜ. ಆದರೆ ಎಳೆದುಕೊಳ್ಳುವ ಹಾಗಿಲ್ಲ, ಮುರಿಯುವ ಹಾಗಿಲ್ಲ. ಫ್ರೆಂಚ್ ಅಗೆತದವರಿಗೆ ಅದೇ ಆಸರೆಯಾಯಿತು, ಅದರ ಮರೆಯಲ್ಲಿ ಕೂತು ಗೋಡೆ ಕೊರೆದರು. ಒಳಗಿನವರು ಸುಮ್ಮನಿರಲಿಲ್ಲ, ತಾವೂ ಒಳಗಿನಿಂದ ಎದುರು ಸುರಂಗ ತೋಡಿ ಇವರನ್ನು ಓಡಿಸಿದರು. ಗುಡ್ಡದ ಒಂದೇ ಬರೆಯಲ್ಲಿ ಹತ್ತಿರ ಹತ್ತಿರ ಎರಡು ಸುರಂಗ ತೋಡಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಎರಡೂ ಕಡೆಯಿಂದ ಪೊಳ್ಳಾದ ಗೋಡೆಗೆ ದೊಡ್ಡ ಕವಣೆಯಂತ್ರದ ಕಲ್ಲು ಬಿದ್ದದ್ದೇ ತಡ, ಕುಸಿಯಿತು. ಆ ಅಡಿಕೆಮರದ ಬೇಲಿಯಂತಹ ಚೆಂದದ ಗೋಡೆ! ಉಳಿದವರು ನೂರೈವತ್ತರ ಆಸುಪಾಸು. ದೊಡ್ಡ ಬುರುಜಿಗೆ ನುಗ್ಗಿ ಬಾಗಿಲು ಹಾಕಿಕೊಳ್ಳಲೂ ಅವರಿಗೆ ಪುರುಸೊತ್ತಾಗಲಿಲ್ಲ. ಅಷ್ಟು ಖರ್ಚು ಮಾಡಿ ಕಟ್ಟಿದ ಬುರುಜು ಆ ದಿನ ಒಂದು ಬಾಣವನ್ನೂ ನೋಡದೆ ಉಳಿಯಿತು.

ಕಕ್ಕಸಿನ ಕೊಳವೆ ಹತ್ತಿ ಕೋಟೆ ಹಿಡಿದರು ಎನ್ನುವುದು ನಿಜವೇ?
(ನಿವೃತ್ತ ನೌಕರ, ಅಕ್ಕಲಕೋಟೆ)

ನಡುಕೋಟೆಯ ವಿಷಯ. ಕಕ್ಕಸಿನ ಕತೆಗೇ ಗಿರಾಕಿ ಹೆಚ್ಚು. ಆದರೆ ಗಿಯೋಮ್‌ನ ಕಾವ್ಯದಲ್ಲಿರುವುದು ಪ್ರಾರ್ಥನಾಗೃಹದ ಕಿಟಕಿ. ಆ ಕಟ್ಟಡ ರಿಚರ್ಡ್‌ನ ನಕ್ಷೆಯಲ್ಲಿ ಇರಲಿಲ್ಲ, ಜಾನ್ ಆಮೇಲೆ ಸೇರಿಸಿದ್ದು. ಬೋಗಿ ಎಂಬ ಸೈನಿಕ ಜೊತೆಯವನ ಹೆಗಲ ಮೇಲೆ ನಿಂತು ಕಿಟಕಿ ಹತ್ತಿ, ಹಗ್ಗ ಬಿಟ್ಟು ಉಳಿದವರನ್ನು ಎಳೆದುಕೊಂಡ. ಒಳಗೆ ಗಲಾಟೆ ಎಬ್ಬಿಸಿದರು. ದೊಡ್ಡ ಪಡೆಯೇ ನುಗ್ಗಿತೆಂದು ಕಾವಲಿನವರು ತಾವೇ ಬೆಂಕಿ ಹಚ್ಚಿ ಒಳಕೋಟೆಗೆ ಸರಿದರು. ಮನೆಗೆ ಆಮೇಲೆ ಸೇರಿಸಿದ ಚಾವಡಿಯಿಂದಲೇ ಮಳೆನೀರು ಒಳಗೆ ಬರುವುದು, ನಮ್ಮ ಮನೆಯಲ್ಲೂ ಹಾಗೆಯೇ.

ಆಗ ಕ್ರೇನ್ ಇಲ್ಲ, ಟೇಪ್ ಇಲ್ಲ. ಅಷ್ಟೆತ್ತರಕ್ಕೆ ಕಲ್ಲು ಏರಿಸಿದ್ದು ಹೇಗೆ, ಮೂಲೆ ಹಿಡಿದದ್ದು ಹೇಗೆ?
(ಕಲ್ಲು ಕಟ್ಟುವ ಮೇಸ್ತ್ರಿ, ಮುಳ್ಳೇರಿಯ)

ಮೇಸ್ತ್ರಿಗಳೇ, ಕ್ರೇನ್ ಇತ್ತು! ಅದನ್ನು ಇವತ್ತೂ ನೋಡಬಹುದು. ಬರ್ಗಂಡಿ ಸೀಮೆಯ ಗೆದಲೋನ್ ಎಂಬಲ್ಲಿ 1997ರಿಂದ ಒಂದು ಹೊಸ ಕೋಟೆ ಕಟ್ಟುತ್ತಿದ್ದಾರೆ, ಹದಿಮೂರನೇ ಶತಮಾನದ ಹತ್ಯಾರುಗಳಲ್ಲೇ. ಪುಸ್ತಕ ಓದಿ ಊಹಿಸುವ ಬದಲು ಕಟ್ಟಿಯೇ ಕಲಿಯೋಣ ಎಂಬ ಹಟ. ಅಲ್ಲಿನ ಕ್ರೇನ್ ಎಂದರೆ ಎರಡಾಳೆತ್ತರದ ಮರದ ಚಕ್ರ. ಅದರೊಳಗೆ ಮನುಷ್ಯ ನಡೆಯುತ್ತಾನೆ, ಹಗ್ಗ ಸುತ್ತಿಕೊಳ್ಳುತ್ತದೆ, ಕಲ್ಲು ಏರುತ್ತದೆ. ಹಿಂದೆ ನಮ್ಮ ತೋಟಗಳಲ್ಲಿ ಏತದ ಮರದ ಮೇಲೆ ಒಬ್ಬ ಅತ್ತಿತ್ತ ನಡೆದು ನೀರೆತ್ತುತ್ತಿದ್ದನಲ್ಲ, ಮೈಭಾರದ ಅದೇ ಉಪಾಯ.

ಮೂಲೆಗೆ ಹದಿಮೂರು ಗಂಟಿನ ಹಗ್ಗ. ಗಂಟುಗಳ ನಡುವೆ ಹನ್ನೆರಡು ಸಮ ಅಂತರ. ಮೂರು, ನಾಲ್ಕು, ಐದು ಎಂದು ಮೂರು ಬದಿ ಎಳೆದು ಹಿಡಿದರೆ ಮೂಲೆ ಮಟ್ಟಸ. ನೀವು ಪಂಚಾಂಗ, ಅಂದರೆ ತಳಪಾಯ, ಹಾಕುವಾಗ ಹಗ್ಗದಲ್ಲಿ ಮಾಡುವುದೂ ಇದನ್ನೇ. ತೂಗುಗುಂಡೂ ಅದೇ, ಸುಣ್ಣದ ಗಾರೆಯೂ ಅದೇ. ಗೆದಲೋನ್‌ನ ಕಲ್ಲು ನೋಡಿದರೆ ನಿಮಗೆ ನಿಮ್ಮ ಕಲ್ಲುಕೋರೆಯ ನೆನಪಾದೀತು: ಕಬ್ಬಿಣದಂಶದ ಮರಳುಗಲ್ಲು, ತುಕ್ಕಿನ ಬಣ್ಣ. ಆದರೆ ನಮ್ಮ ಮುರಕಲ್ಲು ಕೊಯ್ಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಅದು ಮೊದಲೇ ಗಟ್ಟಿ. ಉಳಿ ಮೊಂಡಾಗಿ ಮೊಂಡಾಗಿ ಕಮ್ಮಾರನಿಗೆ ದಿನವಿಡೀ ಕೆಲಸ. 2019ರಲ್ಲಿ ಪ್ಯಾರಿಸಿನ ನಾತ್ರ್ ದಾಮ್ ಇಗರ್ಜಿಯ ಮಾಡು ಸುಟ್ಟುಹೋದ ಮೇಲೆ ಅದನ್ನು ಹಳೆಯ ಕ್ರಮದಲ್ಲೇ ಮರದಿಂದ ಕಟ್ಟಿದವರಲ್ಲಿ ಗೆದಲೋನ್‌ನಲ್ಲಿ ಕೈ ಪಳಗಿದ ಬಡಗಿಗಳೂ ಇದ್ದರು.

ಬೇಕಲದಲ್ಲಿ ಅಂತಹ ಎತ್ತರದ ಬುರುಜು ಯಾಕಿಲ್ಲ ಟೀಚರ್? ನಮ್ಮ ರಾಜರಿಗೆ ಕಟ್ಟಲು ಬರುತ್ತಿರಲಿಲ್ಲವಾ?
(ಒಂಬತ್ತನೇ ತರಗತಿ, ಕುಂಬಳೆ)

ಪುಟ್ಟಿ, ಬರುತ್ತಿತ್ತು, ಬೇಕಾಗಿರಲಿಲ್ಲ. ಎರಡರ ನಡುವೆ ನಾನೂರೈವತ್ತು ವರ್ಷದ ಅಂತರ. ಗಯ್ಯಾರ್ ಕಟ್ಟುವಾಗ ಅಲ್ಲಿ ಫಿರಂಗಿ ಇರಲಿಲ್ಲ. ಎತ್ತರ ಹೆಚ್ಚಿದಷ್ಟೂ ಏಣಿ ಗಿಡ್ಡ, ಬಾಣ ದೂರ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಬೇಕಲ ಕಟ್ಟಿಸುವ ಹೊತ್ತಿಗೆ ಫಿರಂಗಿಯ ಕಾಲ. ಎತ್ತರದ ಗೋಡೆ ಎಂದರೆ ಗುಂಡಿಗೆ ಒಳ್ಳೇ ಗುರಿ. ಅದಕ್ಕೇ ತಗ್ಗು, ದಪ್ಪ, ಅಗಲ. ಮುಂದಿನ ಸಲ ಹೋದಾಗ ಸೆಲ್ಫಿ ಮುಗಿದ ಮೇಲೆ ಗೋಡೆಯ ಕಿಂಡಿಗಳಲ್ಲಿ ಕಣ್ಣಿಟ್ಟು ನೋಡು. ಒಂದರಲ್ಲಿ ದೂರದ ಕಡಲು, ಇನ್ನೊಂದರಲ್ಲಿ ನಡುವಿನ ಜಾಗ, ಕೆಳಗಿನದರಲ್ಲಿ ಗೋಡೆಯ ಬುಡ. ಕೋವಿ ಹಿಡಿದವನಿಗೆ ಒಂದೊಂದು ದೂರಕ್ಕೆ ಒಂದೊಂದು ಕಿಂಡಿ. ನೋಡಿ ನನಗೊಂದು ಕಾಗದ ಬರೆ, ಚಿತ್ರ ಬಿಡಿಸಿ ಕಳಿಸಿದರೆ ಇನ್ನೂ ಸಂತೋಷ.

ಈಗ ಅಲ್ಲಿ ಏನು ಉಳಿದಿದೆ? ಮೊಣಕಾಲು ನೋವಿದ್ದವರು ಹತ್ತಬಹುದೇ?
(ಹಳೆಯ ಸಹೋದ್ಯೋಗಿ, ಬದಿಯಡ್ಕ)

ಅಕ್ಕಾ, ಕಾಗದದಲ್ಲಿ ಹೆಸರು ಬರೆಯದಿದ್ದರೂ ಅಕ್ಷರ ನೋಡಿಯೇ ನಿಮ್ಮದೆಂದು ಗೊತ್ತಾಯಿತು. ಮುತ್ತಿಗೆಯ ನಂತರವೂ ಕೋಟೆ ನಾಲ್ಕು ಶತಮಾನ ಬಳಕೆಯಲ್ಲಿತ್ತು. ವ್ಯಭಿಚಾರದ ಆರೋಪ ಹೊತ್ತ ಫ್ರಾನ್ಸಿನ ಯುವರಾಣಿ ಮಾರ್ಗರೆಟ್‌ಳನ್ನು 1314ರಲ್ಲಿ ಇಲ್ಲಿಯೇ ಸೆರೆಯಿಟ್ಟದ್ದು, ಅವಳು ಇಲ್ಲಿಯೇ ಸತ್ತದ್ದು. 1599ರಲ್ಲಿ ಫ್ರೆಂಚ್ ರಾಜ ನಾಲ್ಕನೇ ಹೆನ್ರಿ ಕೆಡವಲು ಅಪ್ಪಣೆ ಕೊಟ್ಟ. ಈಗ ಇರುವುದು ದೊಡ್ಡ ಬುರುಜಿನ ಮೊಂಡು, ಒಳಕೋಟೆಯ ಉಬ್ಬುಗೋಡೆ, ಕಂದಕ, ಅಲ್ಲಲ್ಲಿ ಹಲ್ಲು ಉದುರಿದ ಹಾಗೆ ಬುರುಜುಗಳು. 1862ರಿಂದ ಸರಕಾರದ ರಕ್ಷಣೆಯಲ್ಲಿದೆ.

ಊರಿನಿಂದ ಹತ್ತುವ ಕಾಲುದಾರಿ ಕಡಿದು, ಮಳೆ ಬಂದರೆ ಸುಣ್ಣಕಲ್ಲು ಸಾಬೂನಿನಂತೆ ಜಾರುತ್ತದೆ. ನಾನು ಆ ದಾರಿಯಲ್ಲೇ ಹತ್ತಿದೆ, ಎರಡು ದಿನ ಮಲಗಿದೆ. ಮೇಲಿನವರೆಗೆ ಕಾರು ಹೋಗುವ ರಸ್ತೆ ಇದೆ ಎಂದು ಮಗ ಹೇಳಿದ್ದು ಇಳಿದ ಮೇಲೆ.